ಉಳಿದವರು ಕ್ಷೇಮ

ನನ್ನ ಎಡಗಾಲು ಈಗ ಮೂರು ದಿಂಬುಗಳ ಮೇಲೆ ವಿರಾಜಮಾನವಾಗಿದೆ. ಈ ಮನೆಯಲ್ಲಿ ಆ ಕಾಲಿಗೆ ಇರುವ ಮರ್ಯಾದೆ ಅದರ ಮಾಲೀಕನಿಗಿಲ್ಲ. ನೋಡಲು ಬಂದವರೆಲ್ಲ ಮೊದಲು ಪ್ಲಾಸ್ಟರ್ ಕಟ್ಟನ್ನು ಬೆರಳಿನಿಂದ ತಟ್ಟುತ್ತಾರೆ (ಹಣ್ಣಾಗಿದೆಯೋ ಇಲ್ಲವೋ ಎಂದು ಕಲ್ಲಂಗಡಿ ತಟ್ಟಿದ ಹಾಗೆ). ಆಮೇಲೆ ಅದೇ ಪ್ರಶ್ನೆ: "ಎಷ್ಟು ಸ್ಪೀಡಲ್ಲಿ ಹೋಗ್ತಿದ್ದೆ?"

ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಮಾನವಂತರು ಬಾಯಿಬಿಟ್ಟು ಹೇಳುವಂಥದ್ದಲ್ಲ. ಗಾಡಿ ನಿಂತಿತ್ತು.

ಹೇಳುತ್ತೇನೆ, ಕೇಳಿ. ಮಲಗಿದವನಿಗೆ ಬಾಯಿ ಬಿಟ್ಟರೆ ಬೇರೆ ಯಾವ ಅಂಗಕ್ಕೆ ಕೆಲಸವಿದೆ? ಫೋನಿನಲ್ಲಿ ಧ್ವನಿ ಕಳಿಸುವ ಗುಂಡಿ ಒತ್ತಿ ಹಿಡಿದಿದ್ದೇನೆ, ಹೆಬ್ಬೆರಳು ಸೋಲುವವರೆಗೆ ಹೇಳುತ್ತೇನೆ. ನಡುವೆ ಉಸ್ ಅಂತ ಕೇಳಿಸಿದರೆ ಅದು ಗಾಳಿಯ ಸದ್ದಲ್ಲ, ನನ್ನದೇ.

ನಾನು ಲಾರಿ ತೂಗುವವನು. ಊರ ಹೊರಗೆ, ಕಲ್ಲು ಒಡೆಯುವ ಕ್ವಾರಿಗೆ ಹೋಗುವ ರಸ್ತೆಯಲ್ಲಿ ಒಂದು ತೂಕದ ಕಟ್ಟೆ ಇದೆ. ನೆಲಕ್ಕೆ ಹಾಸಿದ ದೊಡ್ಡ ಕಬ್ಬಿಣದ ತಟ್ಟೆ. ಅದರ ಮೇಲೆ ಲಾರಿ ಹತ್ತಿ ನಿಂತರೆ ನನ್ನ ಗೂಡಿನೊಳಗೆ ಕೆಂಪು ಅಂಕಿ ಮೂಡುತ್ತದೆ, ನಾನು ಚೀಟಿ ಹರಿದು ಕೊಡುತ್ತೇನೆ. ಗೂಡು ಎಂದರೆ ಒಂದು ಕುರ್ಚಿ, ಒಂದು ಫ್ಯಾನು, ಬಾಕಿಯೆಲ್ಲ ಜಲ್ಲಿಪುಡಿ. ಟೀಯಲ್ಲಿ ಜಲ್ಲಿಪುಡಿ, ಕಿವಿಯಲ್ಲಿ ಜಲ್ಲಿಪುಡಿ, ಕನಸಿನಲ್ಲೂ ಒಂದು ತೆಳ್ಳನೆ ಪದರ. ಲಾರಿಗಳು ಎಲ್ಲಿಂದಲೋ ಬರುತ್ತವೆ, ಎಲ್ಲಿಗೋ ಹೋಗುತ್ತವೆ. ಅವು ಎಷ್ಟು ಭಾರ ಹೊತ್ತು ಹೋದವು ಎಂದು ಬರೆದುಕೊಳ್ಳುತ್ತಾ ನಾನು ನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿದ್ದೇನೆ. ಇಂಥವನಿಗೆ ದೂರ ಹೋಗುವ ಚಪಲ ಹತ್ತದೆ ಇನ್ಯಾರಿಗೆ ಹತ್ತಬೇಕು?

ಹೆಂಡತಿ ದನಗಳಿಗೆ ಲಸಿಕೆ ಹಾಕುವವಳು. ಬೆಳಿಗ್ಗೆ ತನ್ನ ಹಳೆಯ ನೂರಿಪ್ಪತ್ತೈದು ಸಿಸಿ ಬೈಕಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾಳೆ. ಟಾರು ಮುಗಿದ ಕಡೆ ಅವಳ ಕೆಲಸ ಶುರು. ಸಂಜೆ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಬಂದು "ಇವತ್ತು ನಲವತ್ತೆರಡು ಬಾಲ" ಅನ್ನುತ್ತಾಳೆ. (ಅವರಲ್ಲಿ ತಲೆ ಎಣಿಸುವುದಿಲ್ಲವಂತೆ. ಒದೆ ಬರುವ ಕಡೆಯಿಂದ ಎಣಿಸುತ್ತಾರಂತೆ.)

ಮನೆಯಲ್ಲಿ ಮೂರನೆಯವರು ಮಾವ, ಅಂದರೆ ಅವಳ ಅಪ್ಪ. ಮೂವತ್ತೊಂದು ವರ್ಷ ಲಾರಿ ಓಡಿಸಿ ನಿವೃತ್ತರಾದವರು. ಅವರು ನಮ್ಮ ಜೊತೆ ಇದ್ದಾರೆ ಎಂದು ನಾನು ಹೇಳುತ್ತೇನೆ. ಮನೆ ಅವರದಾದ್ದರಿಂದ ಊರವರು ಬೇರೆ ಥರ ಹೇಳುತ್ತಾರೆ. ಮಾವನಿಗೆ ಕಣ್ಣಿನ ಕಾಯಿಲೆ. ನೋಟ ಅಂಚಿನಿಂದ ಮುಚ್ಚಿಕೊಂಡು ಬರುತ್ತಿದೆ. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದಲ್ಲಿದ್ದದ್ದು ಇಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿದರೆ ಯಾರೋ ನಿಂತಿದ್ದಾರೆ ಅಂದುಕೊಂಡು "ಕ್ಷಮಿಸಿ" ಅನ್ನುತ್ತಾರೆ. ಈಚೆಗೆ ಹೆಜ್ಜೆ ಎಣಿಸಲು ಶುರುಮಾಡಿದ್ದರು. ಮಂಚದಿಂದ ಅಡುಗೆಮನೆಗೆ ಹದಿಮೂರು, ಬಚ್ಚಲಿಗೆ ಒಂಬತ್ತು. ಮುಂದೆ ಬೇಕಾಗುತ್ತದೆ ಅಂತ.

ಹಳೇ ಘಾಟಿಯ ರಸ್ತೆ ವರ್ಷಕ್ಕೊಮ್ಮೆ ತೆರೆಯುವ ವಾರ ಡಾಕ್ಟರರ ಬಳಿ ಹೋಗಿ ಬಂದೆವು. ಮಾವ ಕುರ್ಚಿಯಲ್ಲಿ ಕೂತು ಹೇಳಿದರು: "ಒಂದ್ಸಲ ಆ ಬಂಡೆ ನೋಡ್ಬೇಕಿತ್ತು."

ಬಂಡೆಯ ಕಥೆ ನನ್ನ ಹೆಂಡತಿಯಷ್ಟೇ ಹಳೆಯದು. ಅವಳು ಹುಟ್ಟಿದ ದಿನ ಮಾವ ಹಳೇ ಘಾಟಿಯ ನೆತ್ತಿಯಲ್ಲಿ ಸಿಕ್ಕಿಕೊಂಡಿದ್ದರು. ಮೂರು ದಿನದ ಮಂಜು, ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲ, ತಪಾಸಣೆ ಚೌಕಿಯವನೊಬ್ಬನನ್ನು ಬಿಟ್ಟು.

"ಚೌಕಿ ಫೋನಿಗೆ ಸುದ್ದಿ ಬಂತು. ಅವನು ಕಿಟಕಿಯಿಂದ ಕೂಗಿದ, 'ಹೆಣ್ಣು, ಇಬ್ಬರೂ ಕ್ಷೇಮ' ಅಂತ," ಎಂದು ಮಾವ ನೂರನೆಯ ಸಲ ಹೇಳಿದರು. "ಕೂಗಿ ಕಿಟಕಿ ಹಾಕ್ಕೊಂಡ. ನನಗೋ, ಯಾರಿಗಾದ್ರೂ ಹೇಳ್ಬೇಕಿತ್ತಪ್ಪ. ಯಾರಿದ್ರು? ಲಾರಿಯಲ್ಲಿ ಒಂದು ಡಬ್ಬಿ ಕೆಂಪು ಬಣ್ಣ ಇತ್ತು. ಎದುರಿಗೆ ಬಂಡೆ ಇತ್ತು. ಬಂಡೆಗೇ ಹೇಳ್ದೆ."

ಹಾಗೆ ಆಳೆತ್ತರದ ಅಕ್ಷರದಲ್ಲಿ ಬಂಡೆಯ ಮೇಲೆ ಬರೆದದ್ದು: "ಹೆಣ್ಣು. ಇಬ್ಬರೂ ಕ್ಷೇಮ." ಕೆಳಗೆ ತಾರೀಖು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಆ ಇಬ್ಬರಲ್ಲಿ ಒಬ್ಬರು, ನನ್ನ ಅತ್ತೆ, ಈಗಿಲ್ಲ. ಘಾಟಿಯ ಕೆಳಗೆ ಸುರಂಗವಾದ ಮೇಲೆ ಲಾರಿಗಳಿಗೆ ಆ ದಾರಿ ಬೇಡವಾಯಿತು. ಅರ್ಧ ರಸ್ತೆ ಕುಸಿದಿದೆ, ಕಾರು ಹೋಗುವುದಿಲ್ಲ. ಬೈಕುಗಳು ಮಾತ್ರ, ಅದೂ ವರ್ಷಕ್ಕೆ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಮುಚ್ಚಿರುತ್ತದೆ.

"ದಾರಿಗೆ ಸುರಂಗ ತೋಡಿದ್ರು," ಎಂದರು ಮಾವ. "ಆಮೇಲೆ ನನ್ನ ಕಣ್ಣಿಗೂ ತೋಡಿದ್ರು. ಈ ವರ್ಷ ಹೋದ್ರೆ ಓದ್ಬಹುದು. ಮುಂದಿನ ವರ್ಷ ಬಂಡೆ ಕಂಡೀತು, ಬರಹ ಕಾಣೋದು ಅನುಮಾನ ಅಂದ್ರು ಡಾಕ್ಟ್ರು."

ಆಗ ನನ್ನ ಒಳಗಿನಿಂದ ಒಬ್ಬ ವೀರ ಎದ್ದು ನಿಂತ. ಅವನು ನಿಂತದ್ದನ್ನು ನೋಡಿ ನಾನೂ ನಿಂತೆ.

"ನಾನು ಕರ್ಕೊಂಡು ಹೋಗ್ತೀನಿ ಮಾವ! ಅಡ್ವೆಂಚರ್ ಬೈಕ್ ತಗೋತೀನಿ. ನೀವು ಹಿಂದೆ ಕೂತ್ಕೊಳ್ಳಿ, ಸಾಕು."

ಮಾವನ ಮುಖ ಅರಳಿತು. ಹೆಂಡತಿ ಮಾತ್ರ ಬೂಟಿನ ಕೆಸರು ಕೆರೆಯುತ್ತಾ, "ಇರೋ ಗಾಡೀಲೇ ಹೋಗ್ಬಹುದಲ್ಲ," ಎಂದಳು.

"ಅದರಲ್ಲಾ? ಅದು ದನದ ಗಾಡಿ ಕಣೇ! ಇದು ಘಾಟಿ. ಆಫ್ ರೋಡ್!"

"ಓಹೋ," ಎಂದಳು. ಅಷ್ಟೇ ಅಂದದ್ದು. ಆ "ಓಹೋ"ಗೆ ಚೀಟಿಯಲ್ಲಿ ಹಾಕಬೇಕಾಗಿದ್ದ ತೂಕ ನನಗೆ ಆಗ ತಿಳಿಯಲಿಲ್ಲ.

ಆ ಕ್ಷಣದಿಂದ ನನ್ನ ಎರಡೂವರೆ ತಿಂಗಳ ಅಜ್ಞಾತವಾಸ ಶುರುವಾಯಿತು. ಲೋಕದಲ್ಲಿ ಸಾಹಸಿಗಳಿಗೆ ಎರಡು ಪಕ್ಷಗಳಿವೆ, ನಿಮಗೆ ಗೊತ್ತಿರಲಿ. ಒಂದು ದೊಡ್ಡ ಗಾಡಿಯ ಪಕ್ಷ, ಇನ್ನೊಂದು ಮಧ್ಯಮ ಗಾಡಿಯ ಪಕ್ಷ. ಇಬ್ಬರೂ ಸೇರಿರುವ ಒಂದು ಫೋನ್ ಗುಂಪಿಗೆ ನಾನು ಸೇರಿದೆ. ಅದರ ಅಧ್ಯಕ್ಷನನ್ನು ಎಲ್ಲರೂ ಧೂಳಪ್ಪ ಅನ್ನುತ್ತಾರೆ. ಅವನ ಫೋಟೋದಲ್ಲಿ ಹಲ್ಲು ಬಿಟ್ಟರೆ ಬೇರೆ ಏನೂ ಧೂಳಿಲ್ಲದೆ ಕಾಣುವುದಿಲ್ಲ.

ದೊಡ್ಡ ಪಕ್ಷದ ವಾದ ಕೇಳಿದರೆ ದೊಡ್ಡದೇ ಸರಿ. ಸೋಫಾದಂಥ ಸೀಟು, ಎದೆಗೆ ಗಾಳಿ ಹೊಡೆಯದಂತೆ ಗಾಜು, ಒಮ್ಮೆ ತುಂಬಿಸಿದರೆ ಮರುದಿನದವರೆಗೆ ಮರೆಯಬಹುದಾದ ಟ್ಯಾಂಕು. ಹಿಂದೆ ಮಾವ, ಪಕ್ಕದಲ್ಲಿ ಎರಡು ಪೆಟ್ಟಿಗೆ, ಮೇಲೆ ಟೆಂಟು ಹೇರಿದರೂ ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲವಂತೆ. ಚಕ್ರ ಜಾರದ ಹಾಗೆ ಅದೇ ಯೋಚನೆ ಮಾಡುತ್ತದಂತೆ. ಆದರೆ ಇನ್ನೂರ ನಲವತ್ತು ಕಿಲೋ. ಕೆಸರಲ್ಲಿ ಒರಗಿದರೆ ಎತ್ತಲು ಒಂದು ಗ್ರಾಮಸಭೆ ಬೇಕು.

ಮಧ್ಯಮ ಪಕ್ಷದ ವಾದ ಕೇಳಿದರೆ ಮಧ್ಯಮವೇ ಸರಿ. ಐವತ್ತೈದು ಕಿಲೋ ಕಮ್ಮಿ, ನಡು ಸಣ್ಣ, ಕಲ್ಲುಗಳ ನಡುವೆ ಬೇಕಾದ ಕಡೆ ತಿರುಗುತ್ತದೆ, ಯಾವ ಮೂಲೆಯ ಮೆಕ್ಯಾನಿಕ್ಕನ ಸ್ಪ್ಯಾನರಿಗೂ ಬಗ್ಗುತ್ತದೆ. ಆದರೆ ಸೀಟು ಇಸ್ತ್ರಿ ಮೇಜು. ನೆಟ್ಟಗಿನ ರಸ್ತೆಯಲ್ಲಿ ಇಡೀ ದಿನ ಓಡಿಸಿದರೆ ಕೈ ಜುಮ್ಮೆನ್ನುತ್ತದೆ. ಇಬ್ಬರು ಕೂತು ಏರು ಹತ್ತಿದರೆ ಏದುಸಿರು. ನಾನು ಬೆಳಿಗ್ಗೆ ದೊಡ್ಡ ಪಕ್ಷದಲ್ಲಿ ಏಳುತ್ತಿದ್ದೆ, ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮಧ್ಯಮ ಪಕ್ಷ, ಸಂಜೆ ಮನೆಗೆ ಬರುವಾಗ ಪಕ್ಷೇತರ.

ಕೊನೆಗೆ, ನಾನು ಯಾರು? ತೂಕದವನು. ಮಾತು ಬಿಟ್ಟು ಅಂಕಿ ಹಿಡಿಯಬೇಕು ಅಂತ ತೀರ್ಮಾನಿಸಿ ಒಂದು ಭಾನುವಾರ ಇಡೀ ಸಂಸಾರವನ್ನು ಕಟ್ಟೆಗೆ ಕರೆದೊಯ್ದೆ. ಮಾವನನ್ನು ತಟ್ಟೆಯ ನಡುವೆ ನಿಲ್ಲಿಸಿದೆ. ವಿಶಾಲವಾದ ಕಬ್ಬಿಣದ ಬಯಲಿನಲ್ಲಿ ಅವರು ದಾರಿ ತಪ್ಪಿದವರ ಹಾಗೆ ಕಂಡರು. ಆಮೇಲೆ ಹೆಂಡತಿ. ಆಮೇಲೆ ನಾನು.

ಈಗ ಒಂದು ಗುಟ್ಟು. ನಮ್ಮ ಯಂತ್ರ ಲಾರಿಗೆಂದು ಮಾಡಿದ್ದು, ಇಪ್ಪತ್ತು ಕಿಲೋಗಿಂತ ಸಣ್ಣ ಲೆಕ್ಕ ಅದಕ್ಕೆ ಕೀಳು. ಅರವತ್ತು ಅನ್ನುತ್ತದೆ, ಇಲ್ಲವೇ ಎಂಬತ್ತು ಅನ್ನುತ್ತದೆ. ನಡುವಿನವರನ್ನು ಯಾವುದು ಹತ್ತಿರವೋ ಆ ಕಡೆ ತಳ್ಳುತ್ತದೆ. ನಾನು ಅರವತ್ತೊಂಬತ್ತು ಕಿಲೋ, ನನಗೆ ಅರವತ್ತು ಬಂತು. ಅವಳು ಎಪ್ಪತ್ತೊಂದು. ಅವಳಿಗೆ...

ಸೋಮವಾರ ಅವಳು ನನ್ನ ಅಂಗಿ ಒಗೆಯಲು ಜೇಬು ತಡಕಿದಾಗ ಚೀಟಿ ಸಿಕ್ಕಿತು.

"ಇದೇನು?" ಎಂದಳು. ದನಿ ಲಸಿಕೆಯಷ್ಟೇ ತಣ್ಣಗಿತ್ತು.

"ತೂಕದ ಚೀಟಿ."

"ಓದು."

"ಓದೋದೇನಿದೆ..."

"ಓದು ಅಂದೆ."

ಓದಿದೆ. "ಸರಕು: ಹೆಂಡತಿ. ಒಟ್ಟು ತೂಕ: ಎಂಬತ್ತು ಕಿಲೋ."

"ನಾನು ಸರಕಾ?"

"ಯಂತ್ರ ಆ ಜಾಗ ಖಾಲಿ ಬಿಡೋಕೆ ಬಿಡಲ್ಲ ಕಣೇ! ಜಲ್ಲಿ, ಮರಳು, ಇಟ್ಟಿಗೆ, ಇತರೆ ಅಂತ ನಾಲ್ಕೇ ಇದೆ. ನಾನು ಗೌರವದಿಂದ ಹೆಂಡತಿ ಅಂತ ಬೇರೇನೇ ಟೈಪ್ ಮಾಡಿದ್ದೀನಿ."

"ನಿಂದು ಅರವತ್ತು, ನಂದು ಎಂಬತ್ತು. ಎರಡು ಕಿಲೋ ವ್ಯತ್ಯಾಸಾನ ಇಪ್ಪತ್ತು ಮಾಡಿ, ಮೊಹರು ಹಾಕಿ ಜೇಬಲ್ಲಿಟ್ಕೊಂಡು ತಿರುಗ್ತಿದ್ದೀಯ. ಅಪ್ಪಾ, ನೋಡಿದ್ರಾ ನಿಮ್ಮಳಿಯನ್ನ?"

ಮಾವ ಕುರ್ಚಿಯಿಂದ, "ನನಗೆ ಪಕ್ಕದಲ್ಲಿರೋದು ಕಾಣಲ್ಲಮ್ಮ," ಎಂದರು. ಈ ಕಾಯಿಲೆಯನ್ನು ಅವರು ಬೇಕಾದಾಗ ಚೆನ್ನಾಗಿ ಬಳಸಿಕೊಳ್ಳುತ್ತಾರೆ.

ದಿನಗಳು ಸರಿದವು. ತಿಂಡಿಯ ಹೊತ್ತಿಗೆ ಮಾವ ಕೇಳುವರು: "ಅಳಿಯಾ, ಗಾಡಿ ಬಂತಾ?"

"ಟೈರಿನ ವಿಷಯ ನೋಡ್ತಿದ್ದೀನಿ ಮಾವ."

ಮುಂದಿನ ವಾರ: "ಗಾಡಿ?"

"ಕಡ್ಡಿ ಚಕ್ರಾನೋ ಎರಕದ್ದೋ ಅಂತ ನೋಡ್ತಿದ್ದೀನಿ."

"ನೋಡು, ನೋಡು," ಎಂದು ಅವರು ಲೋಟಕ್ಕಾಗಿ ಮೇಜಿನ ಮೇಲೆ ಕೈಯಾಡಿಸುತ್ತಿದ್ದರು. "ನೋಡೋಕಾಗೋವಾಗ್ಲೇ ನೋಡ್ಬೇಕು."

ಲೋಟ ಅವರ ಬಲಗಡೆ, ಒಂದು ಗೇಣು ದೂರದಲ್ಲಿರುತ್ತಿತ್ತು. ಹೋದ ತಿಂಗಳು ಅದು ಅವರಿಗೆ ಕಾಣುತ್ತಿತ್ತು. ನಾನು ಸದ್ದಿಲ್ಲದೆ ಅದನ್ನು ಎದುರಿಗೆ ಸರಿಸಿ, ಮತ್ತೆ ಫೋನ್ ಹಿಡಿದು, ಸೀಟಿನ ಎತ್ತರದ ಬಗ್ಗೆ ಧೂಳಪ್ಪನಿಗೆ ಪ್ರಶ್ನೆ ಬರೆಯುತ್ತಿದ್ದೆ. ನೆನಪಿಸಿಕೊಂಡರೆ ಕಟ್ಟಿನೊಳಗೆ ಕಾಲು ಕೆರೆಯುತ್ತದೆ.

ಘಾಟಿ ಮುಚ್ಚಲು ಐದೂವರೆ ವಾರ ಉಳಿದಾಗ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ದಪ್ಪ ಗೆರೆ ಎಳೆದು, ಪೆನ್ನಿನ ಮುಚ್ಚಳ ಟಪ್ ಅಂತ ಹಾಕಿದಳು. ಮರುದಿನವೇ ನಾನು ಶೋರೂಮಿನಿಂದ ದೊಡ್ಡ ಗಾಡಿಯನ್ನು ಪರೀಕ್ಷೆಗೆ ತರಿಸಿದೆ. ತಂದ ಮಾರಾಟದವನು ಇಸ್ತ್ರಿ ಮಾಡಿದ ಅಂಗಿಯ, ಇಸ್ತ್ರಿ ಮಾಡಿದ ನಗುವಿನ ಮನುಷ್ಯ. ಗಾಡಿ ಬೀದಿಯಲ್ಲಿ ನಿಂತಿರಲಿಲ್ಲ, ಬೀದಿ ಅದರ ಸುತ್ತ ನಿಂತಿತ್ತು.

ಹತ್ತಿದೆ. (ಮೊದಲು ಮನೆಯ ಮೆಟ್ಟಿಲು ಹತ್ತಿ, ಅಲ್ಲಿಂದ ಗಾಡಿ ಹತ್ತಿದೆ.) ಮಾವ ನನ್ನ ಭುಜ ಹಿಡಿದು ಹಿಂದೆ ಏರಿದರು.

"ಕಾಲು ನೆಲಕ್ಕೆ ಮುಟ್ಟುತ್ತಾ ಅಳಿಯಾ?"

"ತುದಿ ಮುಟ್ಟುತ್ತೆ. ಓಡೋವಾಗ ನೆಲ ಯಾಕೆ ಮಾವ?"

"ಓಡೋವಾಗ ಬೇಡ. ನಿಲ್ಲೋವಾಗ ಬೇಕು."

ಮೂವತ್ತೊಂದು ವರ್ಷದ ಅನುಭವ ಒಂದು ವಾಕ್ಯದಲ್ಲಿ ಬಂದು ನನ್ನ ಕಿವಿಗೆ ಬಡಿದು ಕೆಳಗೆ ಬಿತ್ತು. ನಾನು ಹೊರಟೆ.

ಸುಳ್ಳು ಯಾಕೆ ಹೇಳಲಿ, ಸ್ವರ್ಗ! ಕ್ವಾರಿ ರಸ್ತೆಯ ಗುಂಡಿಗಳು ನಾಚಿ ಮಟ್ಟವಾದವು. ಹಿಂದೆ ಮಾವ ಹಾಡು ಗುನುಗುತ್ತಿದ್ದರು, ಅವರು ಗುನುಗಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿರಲೇ ಇಲ್ಲ. ನನ್ನ ಎದೆ ಹಿಗ್ಗಿತು. ಹಿಗ್ಗಿದ ಎದೆಯನ್ನು ನಾಲ್ಕು ಜನಕ್ಕೆ ತೋರಿಸಬೇಕಲ್ಲ? ಸೀದಾ ನನ್ನ ತೂಕದ ಕಟ್ಟೆಗೆ ತಿರುಗಿಸಿದೆ. ಕಬ್ಬಿಣದ ತಟ್ಟೆ ಹತ್ತಿದೆ. ನನ್ನ ಪಾಳಿಯ ಬದಲಿಗೆ ಕೂತವನು ಗೂಡಿನೊಳಗಿಂದ ಬೆರಗಾಗಿ ನೋಡಿದ. ಹಿಂದೆ ಎರಡು ಜಲ್ಲಿ ಲಾರಿ ಕಾದಿದ್ದವು. ನಾನು ಮಹಾರಾಜನ ಗತ್ತಿನಲ್ಲಿ ಬ್ರೇಕ್ ಹಾಕಿ, ಎಡಗಾಲು ಕೆಳಗಿಟ್ಟೆ.

ಕಾಲಿಟ್ಟಲ್ಲಿ ಒಂದು ಜಲ್ಲಿಕಲ್ಲಿತ್ತು. ಕಡಲೆ ಗಾತ್ರದ್ದು. ನಾಲ್ಕು ವರ್ಷದಿಂದ ನನ್ನ ಟೀಯಲ್ಲಿ ಬಿದ್ದು ಬಿದ್ದು ಬೇಸತ್ತು ಕೊನೆಗೆ ಸೇಡು ತೀರಿಸಿಕೊಳ್ಳಲು ಬಂದು ಕಾದಿದ್ದ ಕಲ್ಲು.

ಬೀಳುವುದಕ್ಕೂ ಒಂದು ವೇಗ ಬೇಕು ಅಂತ ನೀವು ತಿಳಿದಿದ್ದರೆ ತಪ್ಪು. ದೊಡ್ಡ ಗಾಡಿ ನಿಧಾನವಾಗಿ, ಯೋಚಿಸಿ, ದೊಡ್ಡಮನುಷ್ಯರು ದಿವಾನದ ಮೇಲೆ ಒರಗುವ ಹಾಗೆ ಒರಗುತ್ತದೆ. ನನಗೆ ಎಲ್ಲ ಗೊತ್ತಾಗುತ್ತಿತ್ತು, ಏನೂ ಮಾಡಲಾಗುತ್ತಿರಲಿಲ್ಲ. ಮಾವ ಹಳೇ ಡ್ರೈವರು, ಗಾಡಿ ವಾಲಿದ್ದು ಬೆನ್ನಿಗೇ ತಿಳಿದು ಟಣ್ಣನೆ ಬಲಗಡೆ ಹಾರಿ ತಟ್ಟೆಯ ಮೇಲೆ ನಿಂತರು. ನನ್ನ ಕಾಲು ಮಾತ್ರ ಒಳಗೆ ಉಳಿಯಿತು.

ಗೂಡಿನ ಕಿಟಕಿಯಲ್ಲಿ ಕೆಂಪು ಅಂಕಿ ಕಾಣುತ್ತಿತ್ತು. ಬೀಳುವ ಮೊದಲು ಮುನ್ನೂರ ಎಂಬತ್ತು. ಬಿದ್ದ ಮೇಲೂ ಮುನ್ನೂರ ಎಂಬತ್ತು. ಯಂತ್ರಕ್ಕೆ ನಿಂತವನೂ ಒಂದೇ, ಬಿದ್ದವನೂ ಒಂದೇ.

ನಮ್ಮ ಹಿಂದೆಯೇ ಸ್ಕೂಟರಿನಲ್ಲಿ ಬಂದಿದ್ದ ಮಾರಾಟದವನು ಓಡಿ ಬಂದ. "ಅಯ್ಯೋ ಸಾರ್! ಪೇಂಟು!"

"ಕಾಲು," ಎಂದೆ.

"ಕಾಲಿಗೆ ಪೇಂಟ್ ಹತ್ತಿದ್ಯಾ ಸಾರ್?"

ಮೂವರು ಸೇರಿ ಹ್ಯಾಂಡಲ್ ಹಿಡಿದು ಎಳೆದರು, ಗಾಡಿ ನನ್ನ ಮೇಲೆ ಇನ್ನಷ್ಟು ಆತ್ಮೀಯವಾಯಿತು. ಲಾರಿಯವರು ಹಾರ್ನ್ ಹೊಡೆದರು. "ರೀ, ತೂಕ ಆಯ್ತಲ್ಲ, ಇಳೀರಿ!" ಅಷ್ಟರಲ್ಲಿ ಧೂಳಿನಿಂದ ಟಕಟಕ ಎಂಬ ಪರಿಚಯದ ಸದ್ದು. ಕ್ವಾರಿಯಾಚೆಯ ದೊಡ್ಡಿಗಳಿಂದ ಐಸ್ ಪೆಟ್ಟಿಗೆ ಕಟ್ಟಿಕೊಂಡು ನನ್ನ ಧರ್ಮಪತ್ನಿ ಬರುತ್ತಿದ್ದಳು.

ಅವಳು ಗಾಡಿ ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ. ದೊಡ್ಡ ಬೈಕನ್ನು ಒಂದು ಸುತ್ತು ಬಂದು, ಕೇಳಿದಳು: "ಎಷ್ಟು ಹೊತ್ತಿಂದ ಮಲಗಿದೆ?"

"ನಾನಾ?"

"ನೀನಲ್ಲ, ಇದು."

ಆಮೇಲೆ ಎಲ್ಲರನ್ನೂ ದೂರ ಸರಿಸಿದಳು. "ಬಿದ್ದ ದನಾನ ಕೊಂಬು ಹಿಡ್ಕೊಂಡು ಎಳೀತಾರೇನ್ರೀ? ಬೆನ್ನು ಕೊಡ್ಬೇಕು." ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಹಚ್ಚಿ ಕುಕ್ಕರಗಾಲಲ್ಲಿ ಕೂತು, ಎರಡು ಕೈಯಲ್ಲಿ ಹಿಡಿದು, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಹೆಜ್ಜೆ ಇಟ್ಟಳು. "ಹೋ... ಹೋ... ಏಳು ತಾಯಿ," ಎಂದಳು. ಇನ್ನೂರ ನಲವತ್ತು ಕಿಲೋ, ಮೇಲೆ ಪೆಟ್ರೋಲು, ಎದ್ದು ನಿಂತಿತು. ಲಾರಿಯವರು ಚಪ್ಪಾಳೆ ತಟ್ಟಿದರು. ಧೂಳಪ್ಪನ ಗುಂಪಿನಲ್ಲಿ ಹತ್ತು ವಾರ ಓದಿದರೂ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಪಕ್ಕದ ದಿಂಬಿನಲ್ಲಿದ್ದವಳನ್ನು ಕೇಳಬೇಕೆಂದು ನನಗೂ ತೋಚಿರಲಿಲ್ಲ.

ಕಣಕಾಲಿನ ಮೂಳೆ ಬಿರುಕು. ಆರು ವಾರ ಕಟ್ಟು. ಘಾಟಿ ಮುಚ್ಚಲು ಐದು ವಾರ.

ಮನೆಗೆ ಬಂದ ದಿನ ಮಾವ ನನ್ನ ಮಂಚದ ಬಳಿ ಕೂತು, "ಹೋಗ್ಲಿ ಬಿಡಪ್ಪ, ಏನಿತ್ತು ಅಂತ ನನಗೆ ಗೊತ್ತಲ್ಲ. ನಾನೇ ಬರೆದದ್ದು," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಆ ದಿನ ಅವರು ಅಡುಗೆಮನೆಗೆ ಹೋಗಿ ಬರುವಾಗ ಎಣಿಕೆ ತಪ್ಪಿತು. ಹದಿನಾಲ್ಕಾಯಿತು.

ನಾನು ಮಲಗಿದಲ್ಲಿಂದಲೇ ಪರಿಹಾರ ಕಾರ್ಯ ಕೈಗೊಂಡೆ. ನಾಲ್ಕನೆಯ ದಿನ ಘೋಷಿಸಿದೆ: "ತೀರ್ಮಾನ ಆಯ್ತು. ದೊಡ್ಡದು ಬೇಡ. ಮಧ್ಯಮದ್ದೇ ಸರಿ."

"ಸಂತೋಷ," ಎಂದಳು ಹೆಂಡತಿ.

"ಆದ್ರೆ ಮಧ್ಯಮದಲ್ಲೂ ಮೂರು ಇದೆ..."

ಅವಳು ಎದ್ದು ಹೊರಗೆ ಹೋದಳು. ಕಿಟಕಿಯಿಂದ ನೋಡಿದೆ. ತನ್ನ ಬೈಕಿನಿಂದ ಐಸ್ ಪೆಟ್ಟಿಗೆ ಬಿಚ್ಚುತ್ತಿದ್ದಳು. ಅದರ ಜಾಗಕ್ಕೆ ನಮ್ಮ ಸೋಫಾದ ಮೆತ್ತೆ ಬಂತು. ಹಗ್ಗ ಬಿಗಿದಳು, ಕರು ಕಟ್ಟುವ ಗಂಟು.

"ಏನ್ಮಾಡ್ತಿದ್ದೀಯ?"

"ನಾಲ್ಕು ದಿನ ರಜಾ ಬರ್ದಿದ್ದೀನಿ. ಅಪ್ಪಾ, ಸ್ವೆಟರ್ ಹಾಕ್ಕೊಳ್ಳಿ."

"ಹುಚ್ಚಾ ನಿನಗೆ! ನೂರಿಪ್ಪತ್ತೈದು ಸಿಸಿ! ಗಾಡಿ ನೂರಿಪ್ಪತ್ತು ಕಿಲೋ, ನೀವಿಬ್ಬರು ನೂರ ನಲವತ್ತು..."

"ನೂರ ಇಪ್ಪತ್ಮೂರು," ಎಂದಳು. "ನಿನ್ನ ಚೀಟಿ ಬೇಡ."

"ಏರು ಹತ್ತಲ್ಲ!"

"ಹತ್ತದಿದ್ರೆ ಇಳಿದು ತಳ್ತೀವಿ. ನಿನ್ನ ಗಾಡಿ ತಳ್ಳೋಕಾಗುತ್ತಾ?"

"ಬಿದ್ರೆ?"

"ಎತ್ತುತ್ತೀನಿ. ದಿನಾ ಬೀಳ್ತೀನಲ್ಲ, ನಿನಗೇನು ಗೊತ್ತು?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅವಳ ಬೂಟಿನ ಕೆಸರು ನೋಡಿದ್ದೆ. ಅದು ಯಾವ ರಸ್ತೆಯದು ಎಂದು ಕೇಳಿರಲಿಲ್ಲ.

ಮಾವ ಮಗುವಿನ ಹಾಗೆ ಸ್ವೆಟರ್ ಉಲ್ಟಾ ಹಾಕಿಕೊಂಡು ಬಂದರು. ಕೈಯಲ್ಲೊಂದು ಚೀಲ, ಚೀಲದಲ್ಲಿ ಏನೋ ಡಬ್ಬಿ ಗಡಗಡ ಅನ್ನುತ್ತಿತ್ತು. ಔಷಧಿ ಇರಬೇಕು ಅಂದುಕೊಂಡೆ. ಟಕಟಕ ಸದ್ದು ಬೀದಿಯ ತಿರುವಿನವರೆಗೆ ಕೇಳಿಸಿತು, ಆಮೇಲೆ ಇಲ್ಲ.

ಆ ನಾಲ್ಕು ದಿನ ಮನೆ ಎಷ್ಟು ದೊಡ್ಡದು ಅಂತ ಗೊತ್ತಾಯಿತು. ಎದುರುಮನೆಯ ಹೊಲಿಗೆಯಾಕೆ ಊಟ ತಂದಿಟ್ಟು, ಕಟ್ಟು ತಟ್ಟಿ, "ಎಷ್ಟು ಸ್ಪೀಡಲ್ಲಿದ್ರಿ?" ಎಂದು ಕೇಳಿ ಹೋಗುವಳು. ನಲ್ಲಿ ತೊಟ್ಟಿಕ್ಕುವುದು. ಮೂರನೆಯ ದಿನ ಊರುಗೋಲು ಹಿಡಿದು ಮಾವನ ಮಂಚದ ಬಳಿ ನಿಂತು, ಕಣ್ಣು ಮುಚ್ಚಿ, ಅಡುಗೆಮನೆಗೆ ಹೋಗಿ ನೋಡಿದೆ. ಒಂದು, ಎರಡು, ಮೂರು. ಏಳಕ್ಕೆ ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು. "ಕ್ಷಮಿಸಿ," ಎಂದೆ. ಮನೆಯಲ್ಲಿ ಯಾರೂ ಇರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಇಬ್ಬರೂ ಬಂದರು. ಯಾರು ಮಾವ, ಯಾರು ಮಗಳು ಗುರುತು ಸಿಗದಷ್ಟು ಧೂಳು. ಸೋಫಾದ ಮೆತ್ತೆ ಇನ್ನು ಸೋಫಾಕ್ಕೆ ಮರಳುವ ಸ್ಥಿತಿಯಲ್ಲಿರಲಿಲ್ಲ.

"ಕಾಣಿಸ್ತಾ ಮಾವ?"

ಮಾವ ಕುರ್ಚಿ ತಡಕಿ ಕೂತರು. "ಕಾಣಿಸ್ತು. 'ಹೆ' ಅರ್ಧ ಹೋಗಿದೆ, ಮಳೆಗೆ. ಉಳಿದದ್ದೆಲ್ಲ ಇದೆ. 'ಇಬ್ಬರೂ' ಅನ್ನೋದು ಹಂಗೇ ಇದೆ." ಆಮೇಲೆ, "ಸ್ವಲ್ಪ ತಿದ್ದಿ ಬಂದೆ," ಎಂದರು. ಅವರ ಉಗುರುಗಳಲ್ಲಿ ಕೆಂಪು ಬಣ್ಣವಿತ್ತು.

"ಬಿದ್ರಾ?"

"ಮೂರು ಸಲ," ಎಂದಳು ಹೆಂಡತಿ.

"ಎತ್ತಿದ್ದು ಯಾರು?"

"ಬಿದ್ದವರೇ."

ಇಬ್ಬರೂ ಮುಖ ಮುಖ ನೋಡಿ ನಕ್ಕರು. ಆ ನಗುವಿಗೆ ನಾನು ಟಿಕೆಟ್ ತೆಗೆದುಕೊಂಡಿರಲಿಲ್ಲ, ಹಾಗಾಗಿ ಹೊರಗೇ ನಿಂತೆ. ಮಲಗಿದ್ದೆ, ಇರಲಿ.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಹೊತ್ತು ಹೆಬ್ಬೆರಳು ನೋಯಿಸಿಕೊಳ್ಳುತ್ತಿರಲಿಲ್ಲ. ಮೊನ್ನೆ ಬೆಳಿಗ್ಗೆ ಗುಂಪಿನಲ್ಲಿ ಧೂಳಪ್ಪ ಒಂದು ಫೋಟೋ ಹಾಕಿದ. "ಹಳೇ ಘಾಟಿಯ ನೆತ್ತಿಯಲ್ಲಿ ಸಿಕ್ಕಿದ್ದು. ಯಾರಪ್ಪ ಈ ಮಹಾನುಭಾವ?" ಕೆಳಗೆ ಅರವತ್ತು ಜನರ ಉರುಳಾಡಿ ನಗುವ ಮುಖಗಳು. ನಾನೂ ಸಂಪ್ರದಾಯದಂತೆ ಮೊದಲು ಒಂದು ನಗುಮುಖ ಒತ್ತಿ, ಆಮೇಲೆ ಫೋಟೋ ತೆರೆದೆ.

ದೊಡ್ಡ ಬಂಡೆ. ಮೇಲೆ ಮಾಸಿದ ಅಕ್ಷರದಲ್ಲಿ "ಹೆಣ್ಣು. ಇಬ್ಬರೂ ಕ್ಷೇಮ." ಅದರ ಕೆಳಗೆ ಹೊಸ ಬಣ್ಣದಲ್ಲಿ, ಸ್ವಲ್ಪ ಬಲಕ್ಕೆ ಜಾರಿದ ಸಾಲುಗಳಲ್ಲಿ, ಆಳೆತ್ತರದ ಅಕ್ಷರ:

"ಅಳಿಯ ಮನೆಯಲ್ಲಿ ಗಾಡಿ ಆರಿಸುತ್ತಿದ್ದಾನೆ. ಉಳಿದವರು ಕ್ಷೇಮ."

ಕೆಳಗೆ ತಾರೀಖು.

"ಮಾವ!" ಎಂದು ಕಿರುಚಿದೆ.

ಮಾವ ಅಡುಗೆಮನೆಯಿಂದ ಬಂದರು. ಹದಿಮೂರೇ ಹೆಜ್ಜೆ, ಒಂದೂ ತಪ್ಪಲಿಲ್ಲ. ಫೋನನ್ನು ಅವರ ಮೂಗಿನ ನೇರಕ್ಕೆ ಹಿಡಿದೆ.

"ಏನ್ ಮಾವ ಇದು?"

"ಯಾರಿಗಾದ್ರೂ ಹೇಳ್ಬೇಕಿತ್ತಪ್ಪ," ಎಂದರು. "ಬಂಡೆ ಇತ್ತು."

ಹೆಂಡತಿ ಬಾಗಿಲಲ್ಲಿ ನಿಂತು, "ನಾನೇನೂ ಬರೀಲಿಲ್ಲ. ಡಬ್ಬಿ ಹಿಡ್ಕೊಂಡಿದ್ದೆ ಅಷ್ಟೆ," ಎಂದಳು.

"ಇದು ಅಳಿಸಿ ಹೋಗುತ್ತಲ್ಲ?"

"ಮೊದಲಿಂದು ಇಪ್ಪತ್ತೇಳು ವರ್ಷ ಬಂತು," ಎಂದರು ಮಾವ. "ಇದು ಇನ್ನೂ ಒಳ್ಳೆ ಬಣ್ಣ. ಐದು ಪದರ ಹಚ್ಚಿದ್ದೀನಿ, ಉಬ್ಬಿ ನಿಂತಿದೆ. ಮುಂದಿನ ವರ್ಷ ಕಣ್ಣಿಗೆ ಕಾಣದಿದ್ರೂ ಕೈಯಾಡಿಸಿ ಓದ್ಬಹುದು, ಅಂತ."

ನನಗೆ ಬೈಯುವ ಮನಸ್ಸು ಎಲ್ಲೋ ಜಾರಿಹೋಯಿತು. ಸಿಟ್ಟು ಮಾಡಿಕೊಳ್ಳಲೂ ಎರಡು ಕಾಲು ಬೇಕು ನೋಡಿ.

ಘಾಟಿ ನಿನ್ನೆ ಮುಚ್ಚಿತು. ನನ್ನ ಕಟ್ಟು ಬಿಚ್ಚಲು ಇನ್ನೂ ಆರು ದಿನ. ಮುಂದಿನ ವರ್ಷ ದಾರಿ ತೆರೆದ ಮೊದಲ ದಿನವೇ ಹೋಗಿ ಆ ಎರಡನೆಯ ಬರಹ ಉಜ್ಜಿ ತೆಗೆಯುವುದೆಂದು ಪ್ರತಿಜ್ಞೆ ಮಾಡಿದ್ದೇನೆ. ಹಿಂದೆ ಮಾವನೂ ಕೂರುತ್ತಾರಂತೆ. ಉಜ್ಜುವ ಮೊದಲು ಒಮ್ಮೆ ಕೈಯಾಡಿಸಬೇಕಂತೆ. ಅಂದರೆ ಇಬ್ಬರು, ಒಂದು ಬಾಟಲಿ ಟರ್ಪಂಟೈನು, ಎರಡು ತಂತಿಬ್ರಷ್ಷು, ದಾರಿಯೆಲ್ಲ ಕಲ್ಲು.

ಅದಕ್ಕೇ ನಿಮ್ಮನ್ನು ಕೇಳೋಣ ಅಂತ ಇಷ್ಟು ಹೇಳಿದೆ. ದೊಡ್ಡದು ತಗೊಳ್ಳಲೋ, ಮಧ್ಯಮದ್ದೋ? ಬೇಗ ಹೇಳಿ. ಎಂಟೇ ತಿಂಗಳು ಉಳಿದಿರುವುದು.